ಶಾರ್ಜಾದಲ್ಲಿ ಇರೋದಾ, ದುಬೈನಲ್ಲೇ ಇರೋದಾ? ಬಳ್ಳಾರಿ-ರಾಯಚೂರು-ಕೊಪ್ಪಳದಿಂದ ಹೋಗುವವರಿಗೆ ಖರ್ಚಿನ ಲೆಕ್ಕ

ತೋರಣಗಲ್ಲಿನಲ್ಲಿ ಕೆಲಸ ಕಲಿತ ಫಿಟ್ಟರ್ ಇರಲಿ, ಗಂಗಾವತಿಯ ಅಕೌಂಟೆಂಟ್ ಇರಲಿ, ರಾಯಚೂರಿನ ನರ್ಸ್ ಇರಲಿ, ದುಬೈನಿಂದ ಆಫರ್ ಲೆಟರ್ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ತಿಂಗಳಿಗೆ ಎಷ್ಟು ಉಳಿತೈತಿ?" ನಾನು ದುಬೈನಲ್ಲಿ ಕೆಲಸ ಮಾಡಿ ಬಳ್ಳಾರಿಗೆ ವಾಪಸ್ ಬಂದವನು, ಅದಕ್ಕೇ ನನ್ನನ್ನು ಕೇಳುತ್ತಾರೆ. ಸಂಬಳ ಎಷ್ಟು ಅಂತ ನಾನು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು ಎರಡೇ: ಕೆಲಸದ ಜಾಗ ಎಲ್ಲಿ, ರೂಮು ಯಾರದು? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿತಾಯದ ಮುಕ್ಕಾಲು ಲೆಕ್ಕ ಮುಗಿಯಿತು. ಚಹಾ ಬಿಡೋದು, ಒಂದು ಹೊತ್ತು ಊಟ ಬಿಡೋದು, ಇದೆಲ್ಲ ಚಿಲ್ಲರೆ. ರೂಮು ತಪ್ಪಾಗಿ ಹಿಡಿದವನು ವರ್ಷಪೂರ್ತಿ ಚಹಾ ಬಿಟ್ಟರೂ ಆ ದುಡ್ಡು ವಾಪಸ್ ಬರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಗೆ ಹೋದ ಹೊಸದರಲ್ಲಿ ಎಲ್ಲವನ್ನೂ ರೂಪಾಯಿಗೆ ತಿರುಗಿಸುವ ಚಟ ಇರುತ್ತದೆ. ಒಂದು ದಿರ್ಹಂಗೆ ಇಷ್ಟು ರೂಪಾಯಿ ಅಂತ ಗುಣಿಸಿ, ಸಂಬಳ ನೋಡಿ ಖುಷಿಪಡೋದು, ಟೊಮ್ಯಾಟೊ ರೇಟು ನೋಡಿ ಗಾಬರಿಯಾಗೋದು. ಎರಡೂ ಸುಮ್ನೆ. ದಿರ್ಹಂ 1997ರಿಂದ ಡಾಲರ್‌ಗೆ 3.6725ರ ಲೆಕ್ಕದಲ್ಲಿ ಕಟ್ಟಿಹಾಕಿದ ಹಣ. ರೂಪಾಯಿ ಡಾಲರ್ ಎದುರು ಕುಸಿದರೆ ಊರಿಗೆ ಕಳಿಸುವ ಹಣ ಜಾಸ್ತಿ ಆಗುತ್ತದೆ ನಿಜ, ಆದರೆ ಅಲ್ಲಿನ ಬಾಡಿಗೆಗೂ ಬಸ್ಸಿಗೂ ಅದರಿಂದ ಏನೂ ಆಗುವುದಿಲ್ಲ. ಅಲ್ಲಿನ ಖರ್ಚನ್ನು ದಿರ್ಹಂನಲ್ಲೇ ಲೆಕ್ಕ ಹಾಕಿ. ಈ ಬರಹದಲ್ಲಿ ತಿಂಗಳಿಗೆ 3,000 ದಿರ್ಹಂ ಸಂಬಳದ, ಒಬ್ಬನೇ ಹೋಗುವ ಹುಡುಗನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಬಾಡಿಗೆ ಅಂಕಿಗಳು ಲೆಕ್ಕಕ್ಕೆ ಇಟ್ಟುಕೊಂಡ ಅಂದಾಜು, ಏರಿಯಾ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತವೆ.

ಹೊರಡುವ ಮೊದಲೇ ಸೋರುವ ದುಡ್ಡು

ಇದು ಅಲ್ಲಿನ ದಿನದ ಖರ್ಚಲ್ಲ, ಆದರೂ ಬಿಡೋಕೆ ಆಗುವುದಿಲ್ಲ. ನಮ್ಮ ಕಡೆ ಏಜೆಂಟಿಗೆ ಕೊಡಲು ನೂರಕ್ಕೆ ಮೂರರ ಬಡ್ಡಿಗೆ ಸಾಲ ಮಾಡಿ ಹೋಗುವವರು ಇದ್ದಾರೆ. ಒಂದೂವರೆ ಲಕ್ಷ ಸಾಲಕ್ಕೆ ತಿಂಗಳಿಗೆ 4,500 ರೂಪಾಯಿ ಬಡ್ಡಿಯೇ ಆಯಿತು. ಅಲ್ಲಿ ಮೆಸ್ ಊಟಕ್ಕೆ ಬೀಳುವ ದುಡ್ಡಿನ ದೊಡ್ಡ ಪಾಲು ಅದು. ಸರ್ಕಾರದಲ್ಲಿ ನೋಂದಾಯಿಸಿದ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ, 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಏಜೆಂಟ್ ನೋಂದಾಯಿತನೋ ಅಲ್ಲವೋ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕಿಕೋ ಅಂತ ಹೇಳುವವನ ಮಾತು ನಂಬಿ ದುಡ್ಡು ಕೊಡುವುದಕ್ಕಿಂತ, ಕೊಡದೆ ಮನೆಯಲ್ಲಿರುವುದೇ ಉಳಿತಾಯ.

ಕಂಪನಿ ರೂಮಾ, ಕೈಗೆ ಅಲೊವನ್ಸಾ?

ಕೆಲವು ಕಂಪನಿಗಳು ಆಯ್ಕೆ ಕೊಡುತ್ತವೆ. ನಮ್ಮ ರೂಮಿನಲ್ಲಿ ಇರಿ, ಇಲ್ಲಾಂದ್ರೆ ಇಷ್ಟು ದಿರ್ಹಂ ತಗೊಂಡು ನೀವೇ ನೋಡಿಕೊಳ್ಳಿ ಅನ್ನುತ್ತವೆ. ಕೈಗೆ ಬರುವ ದುಡ್ಡು ಚಂದ ಕಾಣುತ್ತದೆ. ಆದರೆ ಕಂಪನಿ ರೂಮು ಅಂದರೆ ಬರೀ ಹಾಸಿಗೆ ಅಲ್ಲ, ಕರೆಂಟು, ನೀರು, ಎಸಿ ಮತ್ತು ಬಹಳಷ್ಟು ಕಡೆ ಕೆಲಸಕ್ಕೆ ಕರೆದೊಯ್ಯುವ ಬಸ್ಸು ಅದರೊಳಗೇ ಇರುತ್ತದೆ. ಸೋನಾಪುರ, ಅಲ್ ಕೋಜ್, ಜಬಲ್ ಅಲಿ ಕಡೆಯ ಕ್ಯಾಂಪುಗಳು ಊರಿನಿಂದ ದೂರ, ಒಂದು ರೂಮಿನಲ್ಲಿ ಜನ ಜಾಸ್ತಿ, ಅಡುಗೆಮನೆಯಲ್ಲಿ ಸರದಿ ಕಾಯಬೇಕು. ಅದೆಲ್ಲ ಇದ್ದರೂ ಮೊದಲ ವರ್ಷ ಕಂಪನಿ ರೂಮನ್ನೇ ಹಿಡಿಯಿರಿ ಅಂತ ನನ್ನ ಸಲಹೆ. ಅಲೊವನ್ಸ್ 600 ಕೊಟ್ಟು ಬಸ್ಸನ್ನೂ ನಿಲ್ಲಿಸಿದರೆ ನಿಮಗೆ ನಷ್ಟವೇ. ಅಲೊವನ್ಸ್ 1,200ರ ಮೇಲೆ ಇದ್ದು, ಕೆಲಸದ ಜಾಗ ಮೆಟ್ರೊ ಹತ್ತಿರ ಇದ್ದರೆ ಆಗ ಹೊರಗೆ ಹೋಗುವುದು ಸರಿ.

ಆಫರ್ ಲೆಟರ್ ನೋಡುವಾಗ ಇನ್ನೊಂದು ಸಾಲು ಓದಿ, ಬೇಸಿಕ್ ಅಂದರೆ ಮೂಲ ವೇತನ ಎಷ್ಟು ಅಂತ. ಇಬ್ಬರಿಗೂ 3,000 ಅಂದುಕೊಳ್ಳಿ. ಒಬ್ಬನಿಗೆ ಬೇಸಿಕ್ 2,000, ಇನ್ನೊಬ್ಬನಿಗೆ 1,000, ಉಳಿದದ್ದು ಅಲೊವನ್ಸ್. ತಿಂಗಳ ಕೊನೆಗೆ ಇಬ್ಬರ ಕೈಗೂ ಒಂದೇ ದುಡ್ಡು. ಕೆಲಸ ಬಿಟ್ಟು ಬರುವಾಗ ಮಾತ್ರ ಹಾಗಲ್ಲ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟಿನ ಲೆಕ್ಕ, ಬೇಸಿಕ್ ಮೇಲೆ ನಡೆಯುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಒಂದು ವರ್ಷ ತುಂಬದೆ ಬಿಟ್ಟರೆ ಏನೂ ಇಲ್ಲ. ಐದು ವರ್ಷ ಮುಗಿಸಿದ ಮೊದಲನೆಯವನಿಗೆ 7,000 ದಿರ್ಹಂ, ಎರಡನೆಯವನಿಗೆ 3,500. ಹೀಗಾಗಿ ಎರಡು ಆಫರ್ ಕೈಯಲ್ಲಿದ್ದರೆ ಒಟ್ಟು ಮೊತ್ತದ ಜೊತೆ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಶಾರ್ಜಾನಾ, ದುಬೈನಾ?

ಎಲ್ಲರೂ ಹೇಳುವ ಮಾತು: ಶಾರ್ಜಾ ಅಗ್ಗ, ಅಲ್ಲಿ ರೂಮು ಮಾಡಿಕೊಂಡು ದುಬೈಗೆ ಹೋಗಿ ಬಾ. ಬಾಡಿಗೆ ಮಟ್ಟಿಗೆ ಇದು ನಿಜ. ಆದರೆ ದುಬೈ ಮೆಟ್ರೊ ಶಾರ್ಜಾಕ್ಕೆ ಹೋಗುವುದಿಲ್ಲ. ಎರಡು ಊರುಗಳ ನಡುವಿನ ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ ಎಂಥದ್ದು ಅಂತ ಅಲ್ಲಿ ಒಂದು ವಾರ ಓಡಾಡಿದವನಿಗೂ ಗೊತ್ತು. ಬೆಳಿಗ್ಗೆ ದುಬೈ ಕಡೆಗೆ ಜಾಮ್, ಸಂಜೆ ಶಾರ್ಜಾ ಕಡೆಗೆ ಜಾಮ್. ಅಂದರೆ ನೀವು ಹೋಗುವ ಹೊತ್ತಿಗೇ, ಬರುವ ಹೊತ್ತಿಗೇ.

ಲೆಕ್ಕ ನೋಡೋಣ. ಶಾರ್ಜಾದಲ್ಲಿ ಒಂದು ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ, 600 ದಿರ್ಹಂ ಅಂದುಕೊಳ್ಳಿ. ದುಬೈಗೆ ಹೋಗುವ ಇಂಟರ್‌ಸಿಟಿ ಬಸ್ಸಿಗೆ ಒಂದು ಸಲಕ್ಕೆ ಹನ್ನೆರಡು ದಿರ್ಹಂ ಆಸುಪಾಸು. ಹನ್ನೆರಡು ಅಂತಲೇ ಇಟ್ಟುಕೊಂಡು ತಿಂಗಳಿಗೆ 26 ದಿನ ಹೋಗಿ ಬಂದರೆ 624 ಆಯಿತು. ಒಟ್ಟು 1,224. ಯೂನಿಯನ್‌ನಲ್ಲೋ ಅಲ್ ಘುಬೈಬಾದಲ್ಲೋ ಬಸ್ ಇಳಿದ ಮೇಲೆ ಆಫೀಸು ಇನ್ನೂ ದೂರ ಇದ್ದರೆ ಮೆಟ್ರೊ ಖರ್ಚು ಬೇರೆ. ಈಗ ದುಬೈನ ಡೇರಾದಲ್ಲೋ ಅಲ್ ಕುಸೈಸ್‌ನಲ್ಲೋ ಬೆಡ್ 1,000 ದಿರ್ಹಂ ಅಂದುಕೊಳ್ಳಿ. ದುಬೈ ಮೆಟ್ರೊ-ಬಸ್ಸಿನ ಟಿಕೆಟ್ ಝೋನ್, ಅಂದರೆ ವಲಯದ ಲೆಕ್ಕದಲ್ಲಿ ಇರುತ್ತದೆ, ಎರಡು ಝೋನ್‌ನ ತಿಂಗಳ ಪಾಸು 230. ಒಟ್ಟು 1,230. ಆರು ದಿರ್ಹಂ ವ್ಯತ್ಯಾಸ! ಆ ಆರು ದಿರ್ಹಂ ಉಳಿಸಲು ದಿನಕ್ಕೆ ಎರಡು ಮೂರು ಗಂಟೆ ಬಸ್ಸಿನಲ್ಲಿ ಕೂರಬೇಕು. ಹನ್ನೊಂದು ಗಂಟೆಗೆ ರೂಮು ಸೇರಿದವನು ಅಡುಗೆ ಮಾಡುತ್ತಾನಾ? ಹೊರಗೆ ತಿನ್ನುತ್ತಾನೆ. ಅಲ್ಲಿಗೆ ಶಾರ್ಜಾ ದುಬಾರಿಯಾಯಿತು.

ಹಾಗಂತ ಶಾರ್ಜಾ ಯಾರಿಗೂ ಬೇಡ ಅಂತಲ್ಲ. ಕೆಲಸವೇ ಶಾರ್ಜಾದಲ್ಲಿದ್ದರೆ, ಕಂಪನಿ ಬಸ್ಸು ಶಾರ್ಜಾದಿಂದಲೇ ಹತ್ತಿಸಿಕೊಂಡರೆ, ಇಲ್ಲವೇ ವಾರದಲ್ಲಿ ಎರಡೇ ದಿನ ಆಫೀಸಿಗೆ ಹೋಗುವ ಕೆಲಸವಾದರೆ ಕಣ್ಣು ಮುಚ್ಚಿ ಶಾರ್ಜಾ ಹಿಡಿಯಿರಿ. ಹೆಂಡತಿ ಮಕ್ಕಳ ಜೊತೆ ಇರುವವರ ಲೆಕ್ಕವೂ ಬೇರೆ. ಅವರಿಗೆ ಬೇಕಿರುವುದು ಪೂರ್ತಿ ಮನೆ, ಅಲ್ಲಿ ಬಾಡಿಗೆಯ ಅಂತರ ವರ್ಷಕ್ಕೆ ಸಾವಿರಗಟ್ಟಲೆ ದಿರ್ಹಂ, ಬಸ್ಸಿನ ಖರ್ಚು ಮಾತ್ರ ದುಡಿಯುವ ಒಬ್ಬನದೇ. ಇನ್ನೊಂದು ವಿಷಯ, ಶಾರ್ಜಾದಲ್ಲಿ ಮದ್ಯ ನಿಷೇಧ. ಅದು ಕೆಲವರಿಗೆ ತೊಂದರೆ, ಕೆಲವರ ಮನೆಯವರಿಗೆ ನೆಮ್ಮದಿ, ಉಳಿತಾಯ ಅಂತೂ ಹೌದು.

ನಡುವೆ ಎರಡು ಜಾಗ ಇವೆ. ಅಲ್ ನಹ್ದಾ ಅನ್ನುವುದು ಗಡಿಯ ಎರಡೂ ಬದಿಗೆ ಇರುವ ಏರಿಯಾ, ಹೆಸರೂ ಒಂದೇ. ದುಬೈ ಕಡೆಯ ಅಲ್ ನಹ್ದಾದಲ್ಲಿದ್ದರೆ ಮೆಟ್ರೊ ಗ್ರೀನ್ ಲೈನ್‌ನ ಸ್ಟೇಡಿಯಂ, ಅಲ್ ನಹ್ದಾ ಸ್ಟೇಷನ್‌ಗಳು ಹತ್ತಿರ. ಬ್ರೋಕರ್ ಬರೀ ನಹ್ದಾ ಅಂದರೆ ಯಾವ ನಹ್ದಾ ಅಂತ ಕೇಳಿ. ಇನ್ನೊಂದು ಇಂಟರ್‌ನ್ಯಾಷನಲ್ ಸಿಟಿ. ದುಬೈ ಒಳಗೇ ಬಾಡಿಗೆ ಕಡಿಮೆ, ಪಕ್ಕದಲ್ಲೇ ಡ್ರ್ಯಾಗನ್ ಮಾರ್ಟ್ ಇರುವುದರಿಂದ ಪಾತ್ರೆ, ಚಾದರ, ಮಂಚ ಎಲ್ಲ ಅಗ್ಗ. ಆದರೆ ಮೆಟ್ರೊ ಇಲ್ಲ, ಬಸ್ಸೇ ಗತಿ. ಬ್ಲೂ ಲೈನ್ ಬರುತ್ತದೆ ಅಂತ ಹೇಳಿ ಈಗಲೇ ಬಾಡಿಗೆ ಜಾಸ್ತಿ ಕೇಳುವವರು ಇರುತ್ತಾರೆ. ಆ ಲೈನ್ ಶುರುವಾಗುವ ಗುರಿ 2029. ಬರುವ ಮೆಟ್ರೊಗೆ ಇವತ್ತೇ ಬಾಡಿಗೆ ಕಟ್ಟಬೇಡಿ.

ಬೆಡ್ಡು, ಪಾರ್ಟಿಷನ್ನು, ಸ್ಟುಡಿಯೊ

ಬೆಡ್ ಸ್ಪೇಸ್ ಅಂದರೆ ಒಂದು ರೂಮಿನಲ್ಲಿ ಒಂದು ಮಂಚ, ಬಹಳ ಸಲ ಒಂದರ ಮೇಲೊಂದು. ಪಾರ್ಟಿಷನ್ ಅಂದರೆ ಹಾಲಿಗೆ ಪ್ಲೈವುಡ್ಡೋ ಜಿಪ್ಸಮ್ಮೋ ಅಡ್ಡ ಹಾಕಿ ಮಾಡಿದ ಗೂಡು. ಪಾರ್ಟಿಷನ್ ಬೆಡ್‌ಗಿಂತ ದುಬಾರಿ, ಆದರೂ ಬಾಗಿಲು ಇರುತ್ತದಲ್ಲ, ಅದಕ್ಕೇ ಜನ ಇಷ್ಟಪಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಒಂದು, ಬೆಂಕಿ ಹತ್ತಿದರೆ ಓಡಲು ದಾರಿ ಇರುವುದಿಲ್ಲ. ಎರಡು, ಅನುಮತಿ ಇಲ್ಲದ ಪಾರ್ಟಿಷನ್ ಅಲ್ಲಿ ಕಾನೂನುಬಾಹಿರ. 2025ರ ಜೂನ್‌ನಲ್ಲಿ ದುಬೈ ಮುನ್ಸಿಪಾಲಿಟಿ ಅಲ್ ರಿಗ್ಗಾ, ಅಲ್ ಮುರಕ್ಕಬಾತ್, ಸತ್ವಾ, ಅಲ್ ಬರ್ಶಾ, ಅಲ್ ರಫ್ಫಾ ಕಡೆ ತಪಾಸಣೆ ಮಾಡಿ ಇಂಥವನ್ನು ತೆಗೆಸಿತು. ಆಗ ಮೊದಲು ಬೀದಿಗೆ ಬೀಳುವವನು ಬಾಡಿಗೆದಾರ. ಅವನು ಕೊಟ್ಟ ಅಡ್ವಾನ್ಸ್ ಯಾರ ಹತ್ತಿರ ಕೇಳಬೇಕು? ಅವನಿಗೆ ರೂಮು ಕೊಟ್ಟವನೂ ಬಾಡಿಗೆದಾರನೇ ಆಗಿರುತ್ತಾನೆ.

ಬೆಡ್ ನೋಡಲು ಹೋದಾಗ ಹಗಲಲ್ಲಿ ಹೋಗಬೇಡಿ, ರಾತ್ರಿ ಒಂಬತ್ತರ ಮೇಲೆ ಹೋಗಿ. ಎಷ್ಟು ಜನ ಇದ್ದಾರೆ ಅಂತ ಆಗ ಕಾಣುತ್ತದೆ. ಒಂದು ಬಾತ್‌ರೂಮಿಗೆ ಎಷ್ಟು ಜನ ಕೇಳಿ, ಬೆಳಿಗ್ಗೆ ಆರರಿಂದ ಏಳರ ತನಕ ಅದೇ ದೊಡ್ಡ ಸಮಸ್ಯೆ. ಹಾಸಿಗೆಯ ಅಂಚು ಎತ್ತಿ ತಗಣಿ ಇದೆಯಾ ನೋಡಿ, ನಾಚಿಕೆ ಬೇಡ. ತಗಣಿ ಇರುವ ರೂಮಿನಿಂದ ಹೊರಗೆ ಬಂದರೂ ಅವು ನಿಮ್ಮ ಸೂಟ್‌ಕೇಸಿನಲ್ಲಿ ಬರುತ್ತವೆ, ಹೊಸ ಹಾಸಿಗೆ, ಔಷಧ, ಮತ್ತೆ ರೂಮು ಅಂತ ಖರ್ಚು ಬೆಳೆಯುತ್ತಾ ಹೋಗುತ್ತದೆ. ಬಾಡಿಗೆಯಲ್ಲಿ ಕರೆಂಟು, ನೀರು, ವೈಫೈ, ಗ್ಯಾಸ್ ಸೇರಿದೆಯಾ ಅಂತ ಒಂದೊಂದೇ ಕೇಳಿ. ಸೇರಿದೆ ಅಂದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿಸಿಕೊಳ್ಳಿ. ಎಜಾರಿ ಅನ್ನುವ ಬಾಡಿಗೆ ನೋಂದಣಿ ಯಾರ ಹೆಸರಿನಲ್ಲಿದೆ, ನಿಮ್ಮ ಹೆಸರನ್ನು ದುಬೈ ರೆಸ್ಟ್ ಆಪ್‌ನಲ್ಲಿ ಜೊತೆವಾಸಿ ಅಂತ ಸೇರಿಸುತ್ತಾರಾ ಕೇಳಿ. ಸೇರಿಸುವುದಿಲ್ಲ ಅಂದರೆ ಅಲ್ಲಿ ಏನೋ ಸರಿ ಇಲ್ಲ ಅಂತಲೇ ಅರ್ಥ.

ಸ್ಟುಡಿಯೊ ಹಿಡಿದು ಇಬ್ಬರು ಹಂಚಿಕೊಳ್ಳುವುದು ಮೂರನೇ ದಾರಿ. ಸಂಬಳ 5,000 ದಾಟಿದ ಮೇಲೆ ಇದೇ ಒಳ್ಳೆಯದು. ಆದರೆ ಒಳಗೆ ಕಾಲಿಡುವ ಮೊದಲೇ ಎಷ್ಟು ಬೇಕು ಅಂತ ಲೆಕ್ಕ ಹಾಕಿ. ಬ್ರೋಕರ್‌ಗೆ ಸಾಮಾನ್ಯವಾಗಿ ವರ್ಷದ ಬಾಡಿಗೆಯ 5 ಪರ್ಸೆಂಟ್, ಡಿಪಾಸಿಟ್ ಖಾಲಿ ಮನೆಗೆ 5 ಪರ್ಸೆಂಟ್, ಸಾಮಾನು ಇರುವ ಮನೆಗೆ 10. ಕರೆಂಟು-ನೀರಿನ ಇಲಾಖೆ ದೇವಾಕ್ಕೆ ಅಪಾರ್ಟ್‌ಮೆಂಟ್ ಆದರೆ 2,000 ದಿರ್ಹಂ ಡಿಪಾಸಿಟ್. ಆಮೇಲೆ ಪ್ರತಿ ತಿಂಗಳ ದೇವಾ ಬಿಲ್ಲಿನಲ್ಲಿ ಹೌಸಿಂಗ್ ಫೀ ಅಂತ ಒಂದು ಸಾಲು ಇರುತ್ತದೆ, ವರ್ಷದ ಬಾಡಿಗೆಯ 5 ಪರ್ಸೆಂಟನ್ನು ಹನ್ನೆರಡು ಪಾಲು ಮಾಡಿ ವಸೂಲಿ ಮಾಡುತ್ತಾರೆ. 40,000 ಬಾಡಿಗೆಯ ಮನೆಗೆ ತಿಂಗಳಿಗೆ ಸುಮಾರು 167 ದಿರ್ಹಂ, ಒಂದು ಲೈಟು ಹಾಕದಿದ್ದರೂ. ಜೊತೆಗೆ ಚಿಲ್ಲರ್ ಫ್ರೀ ಮನೆಯಾ ಕೇಳಿ. ಅಂದರೆ ಎಸಿಯ ತಂಪಿನ ಬಿಲ್ಲು ಮಾಲೀಕನದು. ಅಲ್ಲದಿದ್ದರೆ ಡಿಸ್ಟ್ರಿಕ್ಟ್ ಕೂಲಿಂಗ್ ಕಂಪನಿಗೆ ಬೇರೆ ಬಿಲ್ಲು, ಬೇರೆ ಡಿಪಾಸಿಟ್. ಬಳ್ಳಾರಿ ಬಿಸಿಲು ಕಂಡವರಿಗೆ ದುಬೈ ಯಾವ ಲೆಕ್ಕ ಅಂತ ನಮ್ಮವರು ಜಂಬ ಕೊಚ್ಚುತ್ತಾರೆ. ರಾಯಚೂರಿನ ಮೇ ತಿಂಗಳು ಒಣ ಬಿಸಿಲು ರೀ. ಅಲ್ಲಿ ಜುಲೈ-ಆಗಸ್ಟ್‌ನಲ್ಲಿ ಸಮುದ್ರದ ತೇವ ಸೇರಿಕೊಂಡು ರಾತ್ರಿಯೂ ಬೆವರು ಇಳಿಯುತ್ತದೆ. ಎಸಿ ಇಲ್ಲದೆ ಮಲಗುವ ಮಾತೇ ಇಲ್ಲ.

ಬಾಡಿಗೆಯನ್ನು ಎಷ್ಟು ಚೆಕ್‌ನಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೂ ರೇಟು ನಿಲ್ಲುತ್ತದೆ. ಒಂದೋ ಎರಡೋ ಚೆಕ್ ಕೊಟ್ಟರೆ ಮಾಲೀಕ ಕಡಿಮೆ ಮಾಡುತ್ತಾನೆ, ಹನ್ನೆರಡು ಅಂದರೆ ಜಾಸ್ತಿ ಕೇಳುತ್ತಾನೆ. ಒಂದೇ ಚೆಕ್ ಕೊಡಲು ಬ್ಯಾಂಕ್ ಸಾಲ ತೆಗೆಯುವುದಾದರೆ ಬಡ್ಡಿಯನ್ನೂ ಆ ರಿಯಾಯಿತಿಯನ್ನೂ ಎದುರುಬದುರು ಇಟ್ಟು ನೋಡಿ.

ಊಟ

ಮೂರು ದಾರಿ. ಕೆಫೆಟೀರಿಯಾ, ತಿಂಗಳ ಮೆಸ್, ಸ್ವಂತ ಅಡುಗೆ. ಕೆಫೆಟೀರಿಯಾದ ಪರೋಟ, ಕರಕ್ ಚಹಾ ಅಗ್ಗವೇ. ಒಂದು ಹೊತ್ತಿಗೆ ಹೇಳಿದರೆ ಏನೂ ಅನ್ನಿಸುವುದಿಲ್ಲ, ಮೂರು ಹೊತ್ತೂ ಅದೇ ಆದರೆ ತಿಂಗಳಿಗೆ ಮೆಸ್‌ಗಿಂತ ಜಾಸ್ತಿ ಆಗುತ್ತದೆ, ಹೊಟ್ಟೆಯೂ ಕೆಡುತ್ತದೆ. ಮೆಸ್‌ಗಳು ಹೆಚ್ಚಾಗಿ ಕೇರಳದವರವು, ಆಂಧ್ರದವರವೂ ಇವೆ. ಡಬ್ಬಿ ರೂಮಿನ ಬಾಗಿಲಿಗೇ ಬರುತ್ತದೆ. ಕುಚ್ಚಲಕ್ಕಿ ಅನ್ನ ನಮ್ಮ ಕಡೆಯವರಿಗೆ ಒಗ್ಗುವುದಿಲ್ಲ, ಬಿಳಿ ಅನ್ನ ಕೊಡಿ ಅಂತ ಮೊದಲೇ ಹೇಳಬೇಕು. ಶಿಫ್ಟ್ ಕೆಲಸದವರಿಗೆ, ಹತ್ತು ಹನ್ನೆರಡು ಗಂಟೆ ನಿಂತು ದುಡಿಯುವವರಿಗೆ ಮೆಸ್ಸೇ ಸರಿ.

ಎಲ್ಲಕ್ಕಿಂತ ಕಡಿಮೆ ಬೀಳುವುದು ನಾಲ್ಕು ಜನ ಸೇರಿ ಮಾಡುವ ಅಡುಗೆ. ಒಬ್ಬನೇ ಮಾಡಿಕೊಳ್ಳುವ ಅಡುಗೆ ಅಲ್ಲ, ಅದನ್ನು ಗಮನಿಸಿ. ಒಬ್ಬನ ಅಡುಗೆಯಲ್ಲಿ ಅರ್ಧ ತರಕಾರಿ ಫ್ರಿಜ್‌ನಲ್ಲಿ ಕೊಳೆಯುತ್ತದೆ. ನಾಲ್ಕು ಜನ ಇದ್ದು ವಾರಕ್ಕೆ ಸರದಿ ಹಾಕಿಕೊಂಡು, ತಿಂಗಳಿಗೆ ಒಬ್ಬೊಬ್ಬ ಇಷ್ಟು ಅಂತ ಡಬ್ಬಿಗೆ ಹಾಕಿದರೆ ಮೆಸ್‌ಗಿಂತ ಕಡಿಮೆಯಲ್ಲಿ ಬಾಯಿಗೆ ಹಿತವಾದ ಊಟ ಸಿಗುತ್ತದೆ. ಜಗಳ ಆಗುವುದು ದುಡ್ಡಿಗಲ್ಲ, ಪಾತ್ರೆ ತೊಳೆಯುವುದಕ್ಕೆ. ಅದನ್ನೂ ಸರದಿಯಲ್ಲೇ ಬರೆದುಬಿಡಿ.

ಸಾಮಾನು ಎಲ್ಲಿ ತರಬೇಕು? ಲುಲು, ನೆಸ್ಟೊದಂಥ ಕಡೆ ವಾರದ ಕೊನೆಗೆ ಆಫರ್ ಇರುತ್ತದೆ, ಆಫರ್ ಇರುವ ಐಟಂ ಮಾತ್ರ ತಂದರೆ ಲಾಭ. ವಿವಾ ಅನ್ನುವ ಡಿಸ್ಕೌಂಟ್ ಅಂಗಡಿಯಲ್ಲಿ ಹಾಲು, ಮೊಟ್ಟೆ, ಎಣ್ಣೆ ಕಡಿಮೆ, ಆದರೆ ನಮ್ಮ ಬೇಳೆಕಾಳು ಹುಡುಕಲು ಅಲ್ಲಿಗೆ ಹೋಗಬೇಡಿ. ತರಕಾರಿ ಬಾಕ್ಸ್‌ಗಟ್ಟಲೆ ಬೇಕಿದ್ದರೆ ಅಲ್ ಅವೀರ್ ಮಾರ್ಕೆಟ್, ಮೀನು ತಿನ್ನುವವರಿಗೆ ಡೇರಾದ ವಾಟರ್‌ಫ್ರಂಟ್ ಮಾರ್ಕೆಟ್. ರೂಮಿನ ಕೆಳಗಿನ ಸಣ್ಣ ಬಕಾಲಾ ಅಂಗಡಿ ಫೋನ್ ಮಾಡಿದರೆ ಮೇಲಕ್ಕೇ ತಂದು ಕೊಡುತ್ತದೆ, ಖಾತೆಯನ್ನೂ ಬರೆದುಕೊಳ್ಳುತ್ತದೆ. ಆ ಖಾತೆಯೇ ಅಪಾಯ. ಊಟದ ಸಾಮಾನಿನ ಮೇಲೂ 5 ಪರ್ಸೆಂಟ್ ವ್ಯಾಟ್ ಇದೆ, 2018ರ ಜನವರಿಯಿಂದ.

ಊರಿನಿಂದ ಏನು ಒಯ್ಯಬೇಕು ಅನ್ನುವುದಕ್ಕೆ ನನ್ನ ಉತ್ತರ ಖಚಿತ. ಅಕ್ಕಿ ಬೇಡ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಲ್ಲಿ ಬೆಳೆಯುವಂಥ ಸೋನಾ ಮಸೂರಿ ಅಲ್ಲೂ ಸಿಗುತ್ತದೆ, 30 ಕೆಜಿ ಲಗೇಜಿನಲ್ಲಿ ಹತ್ತು ಕೆಜಿ ಅಕ್ಕಿ ತುಂಬುವುದು ದಡ್ಡತನ. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ ಒಯ್ಯಿರಿ. ಇವು ಹಗುರ, ಕೆಡುವುದಿಲ್ಲ. ಸುಸ್ತಾಗಿ ಬಂದ ರಾತ್ರಿ ರೊಟ್ಟಿ, ಮೊಸರು, ಚಟ್ನಿಪುಡಿ ಇದ್ದರೆ ಹೋಟೆಲ್ ಖರ್ಚು ತಪ್ಪುತ್ತದೆ. ಮಂಡಕ್ಕಿ ಅಲ್ಲೇ ತಗೊಂಡು ಒಗ್ಗರಣೆ ಮಾಡಿಕೊಳ್ಳಬಹುದು, ಜೊತೆಗೆ ಮಿರ್ಚಿ ಮಾತ್ರ ನೀವೇ ಕರಿಯಬೇಕು. ಗಸಗಸೆ ಒಂದು ಚಮಚವೂ ಬೇಡ! ಯುಎಇಯಲ್ಲಿ ಅದಕ್ಕೆ ನಿಷೇಧ ಇದೆ. ಅಮ್ಮ ಮಸಾಲೆ ಪುಡಿಯಲ್ಲಿ ಹಾಕಿದ್ದಾರಾ ಕೇಳಿಕೊಳ್ಳಿ. ಎಲೆ-ಅಡಿಕೆ, ಗುಟ್ಕಾನೂ ಒಯ್ಯಬೇಡಿ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಥರದ ನೋವಿನ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು.

ಓಡಾಟ: ಪಾಸಾ, ದಿನದಿನದ ಟಿಕೆಟ್ಟಾ?

ನೋಲ್ ಕಾರ್ಡ್ ಮೆಟ್ರೊ, ಬಸ್, ಟ್ರಾಮ್ ಎಲ್ಲಕ್ಕೂ ನಡೆಯುತ್ತದೆ. ಸಿಲ್ವರ್ ಕಾರ್ಡಿನಲ್ಲಿ ಒಂದು ಝೋನ್ ಒಳಗೆ 3 ದಿರ್ಹಂ, ಪಕ್ಕದ ಝೋನ್‌ಗೆ 5, ಅದಕ್ಕಿಂತ ದೂರ 7.50. ತಿಂಗಳ ಪಾಸು ಕ್ರಮವಾಗಿ 140, 230, 350. ಇಲ್ಲಿ ಒಂದು ಸೂಕ್ಷ್ಮ ಇದೆ. ವಾರಕ್ಕೆ ಆರು ದಿನ ಕೆಲಸ ಇದ್ದರೆ, ತಿಂಗಳಿಗೆ 26 ದಿನ, ಎರಡು ಝೋನ್‌ಗೆ ಟಿಕೆಟ್ ಲೆಕ್ಕ 260. ಪಾಸು ಲಾಭ. ವಾರಕ್ಕೆ ಐದೇ ದಿನ, ಅಂದರೆ 22 ದಿನ ಆದರೆ 220. ಪಾಸು ತಗೊಂಡವನಿಗೆ ಹತ್ತು ದಿರ್ಹಂ ನಷ್ಟ. ಬೇರೆ ಝೋನ್‌ಗಳಿಗೂ ಲೆಕ್ಕ ಹೀಗೇ ಬರುತ್ತದೆ, ಮಾಡಿ ನೋಡಿ. ರಜಾದಿನದಲ್ಲೂ ಸುತ್ತುವ ಹುಮ್ಮಸ್ಸು ಇದ್ದರೆ ಐದು ದಿನದವನಿಗೂ ಪಾಸು ಸರಿಹೋಗುತ್ತದೆ. ಮೆಟ್ರೊ ಇಳಿದು ಅರ್ಧ ಗಂಟೆಯೊಳಗೆ ಬಸ್ ಹತ್ತಿದರೆ ಅದು ಒಂದೇ ಪ್ರಯಾಣದ ಲೆಕ್ಕ. ನಡುವೆ ಚಹಾಕ್ಕೆ ನಿಂತು ಹೊತ್ತು ಮೀರಿದರೆ ಹೊಸ ಟಿಕೆಟ್. ಮೆಟ್ರೊ ಒಳಗೆ ತಿಂದರೆ, ಕುಡಿದರೆ 100 ದಿರ್ಹಂ ದಂಡ, ಒಂದು ವಾರದ ಓಡಾಟಕ್ಕಿಂತ ಜಾಸ್ತಿ ದುಡ್ಡು.

ಕಾರ್ ಲಿಫ್ಟ್ ಅಂತ ಒಂದು ಇದೆ, ತಿಂಗಳಿಗೆ ಇಷ್ಟು ಅಂತ ಕೊಟ್ಟು ಯಾರದೋ ಕಾರಿನಲ್ಲಿ ಹೋಗಿ ಬರೋದು. ಶಾರ್ಜಾದಲ್ಲಿ ಇರುವವರು ಜಾಸ್ತಿ ಬಳಸುತ್ತಾರೆ. ಬಸ್ಸಿಗಿಂತ ಬೇಗ, ಬಾಗಿಲಿನಿಂದ ಬಾಗಿಲಿಗೆ. ಪರ್ಮಿಟ್ ಇಲ್ಲದ ಕಾರು ಸಿಕ್ಕಿಬಿದ್ದರೆ ದೊಡ್ಡ ದಂಡ ಓಡಿಸುವವನಿಗೆ, ನಡುರಸ್ತೆಯಲ್ಲಿ ಇಳಿಯುವವರು ನೀವು. ಪರ್ಮಿಟ್ ಇರುವ ವ್ಯಾನ್‌ಗಳೂ ಇವೆ, ಅವನ್ನು ಹುಡುಕಿ. ಸ್ವಂತ ಕಾರಿನ ಆಸೆ ಈ ಸಂಬಳಕ್ಕೆ ಬೇಡವೇ ಬೇಡ. ಲೈಸೆನ್ಸ್ ತೆಗೆಯುವುದಕ್ಕೇ ಸಾವಿರಗಟ್ಟಲೆ ದಿರ್ಹಂ, ಮೇಲೆ ಇನ್ಶೂರೆನ್ಸ್, ಪಾರ್ಕಿಂಗ್, ಸಾಲಿಕ್ ಟೋಲ್. 2025ರ ಜನವರಿ ಕೊನೆಯಿಂದ ಸಾಲಿಕ್ ಜನಜಂಗುಳಿಯ ಹೊತ್ತಿಗೆ ಗೇಟಿಗೆ 6 ದಿರ್ಹಂ, ಉಳಿದ ಹೊತ್ತು 4, ರಾತ್ರಿ ಒಂದರಿಂದ ಬೆಳಗಿನ ಆರರ ತನಕ ಮಾತ್ರ ಫ್ರೀ.

ಫೋನಿನ ಬಗ್ಗೆ ಎರಡೇ ಮಾತು. ಅಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಬೋಟಿಮ್‌ನಂಥ ಅನುಮತಿ ಇರುವ ಆಪ್ ಅನ್ನು ಊರು ಬಿಡುವ ಮೊದಲೇ ಮನೆಯವರ ಫೋನಿಗೂ ಹಾಕಿಕೊಡಿ. ವಿಪಿಎನ್ ಹಾಕಿ ಕಾಲ್ ಮಾಡುವ ಬುದ್ಧಿವಂತಿಕೆ ಬೇಡ, ಅಲ್ಲಿನ ಸೈಬರ್ ಕಾನೂನಿನಲ್ಲಿ ದಂಡ ಲಕ್ಷಗಟ್ಟಲೆ ದಿರ್ಹಂನಲ್ಲಿದೆ. ಇಂಡಿಯಾ ಸಿಮ್ ಅನ್ನು ಕಡಿಮೆ ರೀಚಾರ್ಜ್‌ನಲ್ಲಿ ಜೀವಂತ ಇಡಿ, ಬ್ಯಾಂಕ್ ಒಟಿಪಿ ಅದಕ್ಕೇ ಬರುವುದು.

ಊರಿಗೆ ಹಣ: ಎಕ್ಸ್‌ಚೇಂಜಾ, ಬ್ಯಾಂಕ್ ಆಪಾ?

ಎಲ್ಲರೂ ರೇಟು ನೋಡುತ್ತಾರೆ. ಇವತ್ತು ಹತ್ತು ಪೈಸೆ ಜಾಸ್ತಿ ಇದೆ, ಕಳಿಸು, ನಾಳೆ ಇಳಿಯುತ್ತದೆ. 1,500 ದಿರ್ಹಂ ಕಳಿಸುವವನಿಗೆ ಹತ್ತು ಪೈಸೆ ಅಂದರೆ 150 ರೂಪಾಯಿ. ಎಕ್ಸ್‌ಚೇಂಜ್, ಅಂದರೆ ಊರಿಗೆ ಹಣ ಕಳಿಸಿಕೊಡುವ ಅಂಗಡಿಯ ಫೀಸು 20 ದಿರ್ಹಂ ಆಸುಪಾಸು, ಅದೇ 450 ರೂಪಾಯಿ ದಾಟಿತು, ಅದರ ಮೇಲೆ ವ್ಯಾಟ್. ಅಂದರೆ ಸಣ್ಣ ಮೊತ್ತಕ್ಕೆ ಫೀಸು ಮುಖ್ಯ, ರೇಟಲ್ಲ. ಹತ್ತು ಪೈಸೆಯ ವ್ಯತ್ಯಾಸ ಫೀಸಿಗೆ ಸಮ ಆಗಬೇಕಾದರೆ ನಾಲ್ಕೂವರೆ ಸಾವಿರಕ್ಕಿಂತ ಜಾಸ್ತಿ ದಿರ್ಹಂ ಕಳಿಸಬೇಕು. ಆದ್ದರಿಂದ ತಿಂಗಳಿಗೆ ಮೂರು ಸಲ ಚೂರುಚೂರು ಕಳಿಸುವ ಬದಲು ಒಂದೇ ಸಲ ಕಳಿಸಿ. ವರ್ಷಕ್ಕೆ 480 ದಿರ್ಹಂ ಅಲ್ಲೇ ಉಳಿಯಿತು.

ಸಂಬಳ ಬ್ಯಾಂಕ್ ಖಾತೆಗೆ ಬರುವವರು ಬ್ಯಾಂಕಿನ ಆಪ್ ನೋಡಿ. ಕೆಲವು ಬ್ಯಾಂಕುಗಳು ಇಂಡಿಯಾಕ್ಕೆ ಫೀಸಿಲ್ಲದೆ ಕಳಿಸುತ್ತವೆ, ಆದರೆ ರೇಟಿನಲ್ಲಿ ಸ್ವಲ್ಪ ಹಿಡಿಯುತ್ತವೆ. ಹೋಲಿಸುವಾಗ ರೇಟನ್ನೂ ಫೀಸನ್ನೂ ಬೇರೆಬೇರೆ ನೋಡಬೇಡಿ. 1,500 ದಿರ್ಹಂ ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಅಂತ ಒಂದೇ ಪ್ರಶ್ನೆ ಎರಡೂ ಕಡೆ ಕೇಳಿ. ಹುಂಡಿ, ಅಂದರೆ ಹವಾಲಾ ಕಡೆ ಹೋಗಬೇಡಿ. ಇಂಡಿಯಾದಲ್ಲಿ ಅದು ಕಾನೂನುಬಾಹಿರ, ದುಡ್ಡು ಹೋದರೆ ಕೇಳಲು ಒಂದು ರಶೀದಿಯೂ ಇರುವುದಿಲ್ಲ.

ಹೋಗುವ ಮೊದಲು ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆ, ಅಂದರೆ ಹೊರದೇಶದಲ್ಲಿ ಇರುವವರು ಅಲ್ಲಿನ ದುಡಿಮೆ ಹಾಕುವ ಖಾತೆ ಬಗ್ಗೆ ಕೇಳಿ. ಅಲ್ಲಿಂದ ಕಳಿಸಿದ ಹಣ ಅದಕ್ಕೆ ಬಂದರೆ ಬಡ್ಡಿಗೆ ಇಂಡಿಯಾದಲ್ಲಿ ತೆರಿಗೆ ಇಲ್ಲ. ಈಗಿನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ಇರುವವರ ಇಂಡಿಯಾ ಆದಾಯದ ಖಾತೆಗೆ ಬದಲಿಸುವುದು ನಿಯಮ, ಬಹಳ ಜನ ಮಾಡುವುದೇ ಇಲ್ಲ. ಯುಎಇ ನಂಬರಿಗೆ ಎನ್‌ಆರ್‌ಇ ಖಾತೆ ಜೋಡಿಸಿ ಯುಪಿಐ ಬಳಸಲು 2023ರಿಂದ ಅವಕಾಶ ಇದೆ. ಅಪ್ಪನಿಗೆ ಗೊಬ್ಬರದಂಗಡಿಯಲ್ಲಿ ದುಡ್ಡು ಬೇಕಾದರೆ ಅಲ್ಲಿಂದಲೇ ಹಾಕಬಹುದು. ಹೀಗಾಗಿ ಮನೆಯವರಿಗೆ ಒಂದೇ ಸಲ ದೊಡ್ಡ ಮೊತ್ತ ಕೊಡದೆ ನಿಮ್ಮ ಖಾತೆಯಲ್ಲೇ ಇಟ್ಟು ಬೇಕಾದಷ್ಟು ಕೊಡುವ ದಾರಿ ತೆರೆದಿದೆ. ಇದು ಮನೆಯಲ್ಲಿ ಮಾತಿಗೆ ಕಾರಣ ಆಗಬಹುದು, ಅದನ್ನು ನೀವೇ ನಿಭಾಯಿಸಬೇಕು.

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳೋದಾ?

ಕಾಗದದ ಪ್ರಕಾರ ಸಂಬಳ 4,000 ದಿರ್ಹಂ ಇದ್ದರೆ, ಇಲ್ಲವೇ 3,000 ಮತ್ತು ಕಂಪನಿ ಮನೆ ಇದ್ದರೆ ಸಂಸಾರಕ್ಕೆ ವೀಸಾ ಸಿಗುತ್ತದೆ. ವೀಸಾ ಸಿಗುವುದು ಬೇರೆ, ಸಂಸಾರ ನಡೆಯುವುದು ಬೇರೆ. ಪೂರ್ತಿ ಮನೆ, ಸ್ಕೂಲ್ ಫೀಸು, ಸ್ಕೂಲ್ ಬಸ್ಸು, ಹೆಂಡತಿ ಮಕ್ಕಳ ಹೆಲ್ತ್ ಇನ್ಶೂರೆನ್ಸ್ ಎಲ್ಲ ನಿಮ್ಮ ತಲೆ ಮೇಲೆ. ಹತ್ತು ಸಾವಿರದ ಹತ್ತಿರ ಸಂಬಳ ಇಲ್ಲದೆ ಕರೆಸಿಕೊಂಡರೆ ಉಳಿತಾಯ ಅನ್ನುವ ಮಾತನ್ನೇ ಮರೆಯಬೇಕು. ನಡುವಿನ ದಾರಿ ಅಂದರೆ 30 ಅಥವಾ 60 ದಿನದ ವಿಸಿಟ್ ವೀಸಾ. ನವೆಂಬರ್‌ನಿಂದ ಫೆಬ್ರವರಿ ತನಕ ಹವೆ ಚೆನ್ನಾಗಿರುತ್ತದೆ, ಆದರೆ ಮಕ್ಕಳಿಗೆ ಇಲ್ಲಿ ಶಾಲೆ. ಏಪ್ರಿಲ್‌ನಲ್ಲಿ ರಜೆ ಬಿದ್ದ ಕೂಡಲೇ ಕರೆಸಿಕೊಳ್ಳುವುದು ಎರಡಕ್ಕೂ ಹೊಂದುತ್ತದೆ, ಬಿಸಿಲು ಇನ್ನೂ ಏರುತ್ತಿರುತ್ತದೆ ಅಷ್ಟೇ. ಹೆಂಡತಿಗೂ ಅಲ್ಲಿ ಕೆಲಸ ಸಿಗುವ ಹಾಗಿದ್ದರೆ, ಉದಾಹರಣೆಗೆ ನರ್ಸ್ ಆಗಿದ್ದರೆ, ಮೇಲೆ ಹೇಳಿದ್ದೆಲ್ಲ ತಲೆಕೆಳಗು. ಇಬ್ಬರ ದುಡಿಮೆಯಲ್ಲಿ ಸಂಸಾರ ಹಾಯಾಗಿ ನಡೆಯುತ್ತದೆ.

ರಜೆಗೆ ಬರುವಾಗ

ಟಿಕೆಟ್ ಹೆಚ್ಚು ದುಬಾರಿ ಆಗುವುದು ಜುಲೈ-ಆಗಸ್ಟ್‌ನ ಅಲ್ಲಿನ ಶಾಲಾ ರಜೆ, ಈದ್, ಡಿಸೆಂಬರ್ ಕೊನೆ. ಒಬ್ಬನೇ ಇರುವವನು ಆ ದಿನಗಳನ್ನು ಬಿಟ್ಟು ರಜೆ ಕೇಳಿದರೆ ಸಾಕು. ಯಾವ ಏರ್‌ಪೋರ್ಟ್ ಅನ್ನುವುದಕ್ಕೆ, ರಾಯಚೂರಿನವರು ಯೋಚನೆ ಮಾಡದೆ ಹೈದರಾಬಾದ್ ಹಿಡಿಯಬಹುದು, ಸುಮಾರು 200 ಕಿಲೋಮೀಟರ್. ಬಳ್ಳಾರಿಗೆ ಬೆಂಗಳೂರು 300 ಆಸುಪಾಸು, ಹೈದರಾಬಾದ್ ಇನ್ನೂ ದೂರ. ಎರಡು ಕಡೆಯ ಟಿಕೆಟ್ ವ್ಯತ್ಯಾಸ ಒಂದೆರಡು ಸಾವಿರ ರೂಪಾಯಿ ಇದ್ದರೆ ಹತ್ತಿರದ್ದೇ ಸರಿ. ಮಧ್ಯರಾತ್ರಿ ಇಳಿಯುವ ಅಗ್ಗದ ವಿಮಾನಕ್ಕೆ ಮನೆಯವರು ಕಾರು ಬಾಡಿಗೆ ಮಾಡಿಕೊಂಡು ಬಂದರೆ ಉಳಿಸಿದ್ದು ಡೀಸೆಲ್‌ಗೆ ಹೋಯಿತು.

ಚಿನ್ನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿಂದ ತರೋದಾ, ಬಳ್ಳಾರಿಯ ಬೆಂಗಳೂರು ರೋಡಿನ ಅಂಗಡಿಯಲ್ಲೇ ತಗೊಳ್ಳೋದಾ? ಮುಂಚೆ ಅಂತರ ದೊಡ್ಡದಿತ್ತು. 2024ರ ಜುಲೈ ಬಜೆಟ್‌ನಲ್ಲಿ ಇಂಡಿಯಾ ಆಮದು ಸುಂಕವನ್ನು 15ರಿಂದ 6 ಪರ್ಸೆಂಟಿಗೆ ಇಳಿಸಿದಾಗ ಆ ಅಂತರ ಬಹಳ ಕುಗ್ಗಿತು. ಅಲ್ಲಿ ಒಡವೆಗೆ 5 ಪರ್ಸೆಂಟ್ ವ್ಯಾಟ್ ಇದೆ. ಟೂರಿಸ್ಟ್‌ಗಳಿಗೆ ಅದು ವಾಪಸ್ ಸಿಗುತ್ತದೆ, ರೆಸಿಡೆಂಟ್ ವೀಸಾದವರಿಗೆ ಇಲ್ಲ. ಮಜೂರಿ ಮೇಲೆ ಚೌಕಾಸಿ ಮಾಡಿ ಗೆದ್ದರೆ ಮಾತ್ರ ಲಾಭ, ಅದೂ ತರುವ ದಿನದ ಸುಂಕ ಎಷ್ಟಿದೆ ಅಂತ ನೋಡಿಕೊಂಡು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ತನಕ ಸುಂಕದ ರಿಯಾಯಿತಿ ಇದೆ. ಒಡವೆಗೆ ಮಾತ್ರ, ಬಿಸ್ಕತ್ತಿಗೂ ನಾಣ್ಯಕ್ಕೂ ಅಲ್ಲ. ಬಿಲ್ಲನ್ನು ಸೂಟ್‌ಕೇಸಿನ ತಳದಲ್ಲಿ ಹಾಕದೆ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.